ಮೂರನೆಯ ದೋಣಿ

ಮೇಸ್ತ್ರಿಯ ಶೆಡ್ಡಿನಲ್ಲಿ ಹೊಸ ದೋಣಿಗೆ ಮರ ಕುಯ್ದು ಬಹಳ ಕಾಲವಾಗಿತ್ತು. ಬರುತ್ತಿದ್ದುದೆಲ್ಲ ಬರೀ ರಿಪೇರಿ. ಒಡೆದ ಹಲಗೆ, ಸೋರುವ ಸಂದಿ, ಹುಳ ಹಿಡಿದ ಅಂಚು. ಈಚೆಗೆ ಅದೂ ನಿಂತುಹೋಗಿತ್ತು. ಕಡಲಿಗೆ ಹೋಗುವವರೇ ಇಲ್ಲದ ಮೇಲೆ ದೋಣಿ ಒಡೆಯುವುದಾದರೂ ಹೇಗೆ? ಹೋದವರ ಎಂಜಿನ್ನನ್ನು ಕಡಲ್ಗಳ್ಳರು ನಡುನೀರಿನಲ್ಲೇ ಬಿಚ್ಚಿಕೊಳ್ಳುತ್ತಿದ್ದರು. ಬಲೆ, ಡೀಸೆಲ್ಲು, ಕೊನೆಗೆ ಊಟದ ಡಬ್ಬಿಯನ್ನೂ ಬಿಡುತ್ತಿರಲಿಲ್ಲ. ಹುಟ್ಟು ಹಾಕಿಕೊಂಡು ಹೇಗೋ ದಡ ಸೇರಿದವರು ಮತ್ತೆ ನೀರಿನ ಕಡೆ ಮುಖ ಹಾಕುತ್ತಿರಲಿಲ್ಲ.

ಮೇಸ್ತ್ರಿಯ ಹೆಂಡತಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಯಾರ ಮನೆಯಲ್ಲಿ ಒಲೆ ಉರಿಯದಿದ್ದರೂ ಒಂದು ಪಾತ್ರೆ ಗಂಜಿ ಕಳಿಸುತ್ತಿದ್ದ ಹೆಂಗಸು. ಆ ವರ್ಷ ಅವಳೇ ಅಕ್ಕಿ ಡಬ್ಬವನ್ನು ಬೋರಲು ಹಾಕಿ ತಟ್ಟುವ ಹಾಗಾಗಿತ್ತು. ಕರೆಂಟಿನವರು ಬಂದು ತಂತಿ ಕಿತ್ತುಕೊಂಡು ಹೋಗಿದ್ದರು. ಮಗ ಬೆಳಗಾದರೆ ದೋಣಿ ನಿಲ್ಲುವ ದಕ್ಕೆಗೆ ಕೆಲಸ ಹುಡುಕಿ ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ಮೇಸ್ತ್ರಿ ಮಾತ್ರ ಶೆಡ್ಡಿನಲ್ಲಿ ಕೂತು ಉಳಿಗಳನ್ನು ಮಸೆಯುತ್ತಿದ್ದ.

"ಮಸೆದೂ ಮಸೆದೂ ಉಳಿಯೆಲ್ಲ ಸೂಜಿ ಆಗೋಗುತ್ತೆ. ಆಮೇಲೆ ನಂಗೆ ಕೊಡಿ, ಬಟ್ಟೆ ಹೊಲೀತೀನಿ," ಎಂದು ದೊಡ್ಡಮ್ಮ ಗೇಲಿ ಮಾಡುತ್ತಿದ್ದಳು. ಮೇಸ್ತ್ರಿ ನಗುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕನ್ನಡಕದ ಮನುಷ್ಯನೊಬ್ಬ ಬಂದು ಬಾಗಿಲಲ್ಲಿ ನಿಂತು ನೀರು ಕೇಳಿದ. ಮೆಲುದನಿಯವನು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು, ಲೋಟ ವಾಪಸು ಕೊಡುವಾಗ "ಅಮ್ಮಾ, ಜೀವ ಬಂತು" ಎಂದ. ಆಮೇಲೆ ಶೆಡ್ಡಿಗೆ ಹೋಗಿ, ತನಗೊಂದು ದೋಣಿ ಬೇಕೆಂದು ಹೇಳಿದ.

"ಯಾವ ಕೆಲಸಕ್ಕೆ?" ಎಂದ ಮೇಸ್ತ್ರಿ.

"ಮೀನಿಗೇ."

ಅವನು ಹೇಳಿದ ಅಳತೆ ಕೇಳಿ ಮೇಸ್ತ್ರಿ ಕಿವಿಯ ಪೆನ್ಸಿಲನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ದೋಣಿ ಉದ್ದವಾಗಿ ಕಿರಿದಾಗಿ ಇರಬೇಕು, ಹಿಂದೆ ಎರಡು ದೊಡ್ಡ ಎಂಜಿನ್ ತಡೆಯುವಷ್ಟು ಗಟ್ಟಿ ಬೇಕು, ಮೇಲೆ ಹಲಗೆ ಹಾಸಿದ ಅಟ್ಟದ ಕೆಳಗೆ ಪೂರ್ತಿ ಖಾಲಿ ಜಾಗ ಬೇಕು.

"ಮೀನಿಗೆ ಇಷ್ಟು ವೇಗ ಯಾಕೆ ಸ್ವಾಮಿ? ಮೀನೇನು ಬಸ್ಸು ಹತ್ತಿ ಓಡಿ ಹೋಗ್ತವಾ?"

ಕನ್ನಡಕದವನು ಮನಸಾರೆ ನಕ್ಕ. "ನಿಮ್ಮ ತಂದೆ ಬಲು ತಮಾಷೆ ಮನುಷ್ಯರು," ಎಂದು ಪಕ್ಕದಲ್ಲಿದ್ದ ಮಗನ ಬೆನ್ನು ತಟ್ಟಿ, ಯೋಚನೆ ಮಾಡಿ ಹೇಳಿ ಎಂದು ಹೊರಟುಹೋದ.

ಅಂದು ಊಟಕ್ಕೆ ಅನ್ನ, ಉಪ್ಪು, ನೀರಿನಂಥ ಸಾರು. ತಟ್ಟೆಯ ಮುಂದೆ ಕೂತ ಮಗನೇ ಮಾತು ತೆಗೆದ.

"ಅವರು ಡೀಸೆಲ್ ಕದಿಯೋರು ಅಂತ ನಂಗೂ ಗೊತ್ತಪ್ಪ. ಹಡಗಿನ ಪಕ್ಕ ಹೋಗಿ ಪೈಪ್ ಹಾಕಿ ಎಳ್ಕೋತಾರೆ, ಬರ್ತಾರೆ. ಕಂಪನಿ ಎಣ್ಣೆ ಅದು. ಯಾರ ಮನೆ ಗಂಟು ಹೋಗುತ್ತೆ?"

"ನಿನ್ನ ಭಾವ ಎಣ್ಣೆ ಹಡಗಲ್ಲೇ ದುಡೀತಿರೋದು. ನೆನಪಿದೆಯಾ?"

"ಭಾವನ ಹಡಗು ಎಲ್ಲೋ ದೂರ ಓಡಾಡುತ್ತೆ. ಈ ಕಡೆ ಬರೋದೇ ಅಪರೂಪ. ನಾವು ಕಟ್ಟದಿದ್ರೆ ಇನ್ನೊಬ್ಬ ಕಟ್ತಾನೆ, ಅಷ್ಟೇ."

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. "ನೀನೇನಂತೀಯ?"

ದೊಡ್ಡಮ್ಮ ಪಾತ್ರೆಯ ತಳ ಕೆರೆದು ಉಳಿದ ಅನ್ನವನ್ನು ಇಬ್ಬರಿಗೂ ಹಾಕಿದಳು. ತನಗೆ ಇರಲಿಲ್ಲ. "ನಾನೇನನ್ಲಿ? ಕಟ್ಟಿ," ಎಂದಳು.

ಮನಸ್ಸಿಲ್ಲದೆ ಹಿಡಿದ ಕೆಲಸವಾದರೂ ಕೈ ಕೇಳಬೇಕಲ್ಲ. ಮರ ಬಂದ ದಿನದಿಂದ ಮೇಸ್ತ್ರಿಯ ನಡಿಗೆಯೇ ಬದಲಾಯಿತು. ಅವನ ದೋಣಿಗಳಿಗೆಲ್ಲ ಮುಂಭಾಗ ಬಾತುಕೋಳಿಯ ಕೊಕ್ಕಿನಂತೆ ತುಸು ಮೇಲಕ್ಕೆದ್ದಿರುತ್ತಿತ್ತು. ಬಂದರಿನವರು ಅದನ್ನು ಮೇಸ್ತ್ರಿ ಮೂಗು ಎನ್ನುತ್ತಿದ್ದರು. ಈ ದೋಣಿಗೂ ಆ ಮೂಗನ್ನೇ ಇಟ್ಟ. ನೀಲಿ ಬಣ್ಣ ಬಳಿದು ಮುಗಿಸಿದ ದಿನ ಶೆಡ್ಡಿನಲ್ಲಿ ನಿಂತು ಅದನ್ನು ನೋಡಿದ್ದೇ ನೋಡಿದ್ದು. ನೀರಿಗಿಳಿಸಿದ ಮೇಲೆ ಮಾತ್ರ ಬೆನ್ನು ಮಾಡಿ ಮನೆಗೆ ಬಂದುಬಿಟ್ಟ.

ಮನೆಗೆ ಬೆಳಕು ಬಂತು. ಅಕ್ಕಿ ಡಬ್ಬ ತುಂಬಿತು. ಮಗ ದಿನಕ್ಕೊಂದು ಬಗೆಯ ಮೀನು ತಂದ. "ಇಷ್ಟೊಂದು ಯಾರಿಗೋ? ನಾವಿರೋದು ಮೂರು ಜನ," ಎಂದು ಬೈಯುತ್ತಲೇ ದೊಡ್ಡಮ್ಮ ಹುರಿದು ಪಕ್ಕದ ಮನೆಗೂ ಕೊಟ್ಟು ಬಂದಳು.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ದೊಡ್ಡಮ್ಮ ಬಾಗಿಲ ಮುಂದೆ ನೀರು ಚೆಲ್ಲುತ್ತಿದ್ದಾಗ ಮಗಳು ರಿಕ್ಷಾದಿಂದ ಇಳಿದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ನಿದ್ದೆಗಣ್ಣಿನ ಮೊಮ್ಮಗಳು. ಮಗಳ ಕಾಲಿನ ಚಪ್ಪಲಿಗಳು ಬೇರೆ ಬೇರೆ ಜೋಡಿಯವು.

"ಏನಾಯ್ತೇ?"

"ಅವರ ಹಡಗಿಗೆ ನುಗ್ಗಿದಾರಮ್ಮ. ಎಣ್ಣೆ ಎಳ್ಕೊಂಡು, ನಾಲ್ಕು ಜನರನ್ನ ದೋಣಿಗೆ ಹಾಕ್ಕೊಂಡು ಹೋಗಿದಾರೆ. ಕಂಪನಿಯಿಂದ ಫೋನ್ ಬಂತು. ನಾಲ್ವರಲ್ಲಿ ಇವರೂ ಒಬ್ಬರು."

ಅಳಿಯ ಆ ಹಡಗಿನಲ್ಲಿ ಪಂಪು ನೋಡಿಕೊಳ್ಳುವ ಕೆಲಸದವನು. ಯಾವ ತೊಟ್ಟಿಯ ಎಣ್ಣೆ ಯಾವ ಪೈಪಿಗೆ, ಯಾವ ವಾಲ್ವ್ ಎಷ್ಟು ತಿರುಗಿಸಬೇಕು, ಎಲ್ಲ ಅವನ ಕೈಯಲ್ಲಿ. ಹಡಗು ಆ ಸಲ ಹೊಸ ಸರಕು ಹಿಡಿದು ಈ ಕಡೆಯ ನೀರಿಗೇ ಬಂದಿತ್ತಂತೆ.

ಒಳಗೆ ಮುಖ ತೊಳೆಯುತ್ತಿದ್ದ ಮಗನಿಗೆ ಇದೆಲ್ಲ ಕೇಳಿಸಿತು. ಅವನು ಹೊರಗೆ ಬಂದು ಅಕ್ಕನ ಚೀಲ ಎತ್ತಿಕೊಂಡ. ತಾಯಿಯ ಮುಖ ನೋಡಿದ. ದೊಡ್ಡಮ್ಮ ಕಣ್ಣಿನಲ್ಲೇ ಅವನ ಬಾಯಿ ಮುಚ್ಚಿಸಿದಳು.

ಅಲ್ಲಿಂದ ಆ ಮನೆಯಲ್ಲಿ ಊಟವೆಂದರೆ ಒಂದು ಶಿಕ್ಷೆಯಾಯಿತು. ಮಗಳು ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಕೂರುತ್ತಿದ್ದಳು. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು.

"ತಿನ್ನೇ. ಅವನು ಬಂದಾಗ ನೀನು ಮಂಚ ಹಿಡಿದಿದ್ರೆ ಹೇಗೆ?" ಎಂದು ದೊಡ್ಡಮ್ಮ ಮತ್ತೆ ಬಡಿಸುತ್ತಿದ್ದಳು.

"ತಮ್ಮ ಯಾಕಮ್ಮ ನಮ್ಮ ಜೊತೆ ಕೂರಲ್ಲ?"

"ಅವನಿಗೆ ದಕ್ಕೆಯಲ್ಲಿ ಕೆಲಸ."

ಕೆಲಸವೂ ಇಲ್ಲ, ಮಣ್ಣೂ ಇಲ್ಲ. ಅವನು ಶೆಡ್ಡಿನಲ್ಲಿ ಕೂತು ತಿನ್ನುತ್ತಿದ್ದ. ಮೇಸ್ತ್ರಿ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಮೊಮ್ಮಗಳೊಬ್ಬಳೇ ಹೊಟ್ಟೆ ತುಂಬ ಉಂಡು, "ಅಜ್ಜಿ ಮನೇಲಿ ದಿನಾ ಮೀನು" ಎಂದು ಹಾಡು ಕಟ್ಟಿಕೊಂಡು ಕುಣಿಯುತ್ತಿದ್ದಳು. ಆ ಹಾಡು ಕೇಳಿದಾಗೆಲ್ಲ ದೊಡ್ಡಮ್ಮ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಮೂರನೆಯ ವಾರ, ಸೆರೆಹಿಡಿದ ನಾಲ್ವರಲ್ಲಿ ಮೂವರನ್ನು ಬಿಟ್ಟರು ಎಂಬ ಸುದ್ದಿ ಬಂತು. ಅಳಿಯ ಅವರಲ್ಲಿರಲಿಲ್ಲ. ಬಿಡುಗಡೆಯಾದವರಲ್ಲಿ ಒಬ್ಬ, ಹಡಗಿನ ಅಡುಗೆಯವನು, ಒಂದು ಸಂಜೆ ತಾನಾಗಿ ವಿಳಾಸ ಹುಡುಕಿಕೊಂಡು ಬಂದ. ಕೈಮಣಿಕಟ್ಟಿನಲ್ಲಿ ಹಗ್ಗದ ಗಾಯ ಇನ್ನೂ ಮಾಯ್ದಿರಲಿಲ್ಲ.

"ಅವರು ಬದುಕಿದಾರಮ್ಮ. ಅದನ್ನ ಹೇಳೋಕೇ ಬಂದೆ," ಎಂದ ಮಗಳಿಗೆ. "ಪಂಪಿನ ಕೆಲಸ ಗೊತ್ತಲ್ಲ, ಅದಕ್ಕೆ ಅವರನ್ನ ಮಾತ್ರ ಬಿಡಲಿಲ್ಲ. ಬೇರೆ ಹಡಗಿಗೂ ಕರ್ಕೊಂಡು ಹೋಗಿ ವಾಲ್ವ್ ತೆಗೆಸ್ತಿದಾರೆ. ನಾವೆಲ್ಲ ಅಡುಗೆ ಮಾಡೋರು, ನೆಲ ಒರೆಸೋರು. ನಮ್ಮನ್ನ ಕಟ್ಕೊಂಡು ಅವರಿಗೇನಾಗಬೇಕು?"

ದೊಡ್ಡಮ್ಮ ಅವನಿಗೂ ತಟ್ಟೆ ಇಟ್ಟಳು. ಅವನು ತಿನ್ನುತ್ತ ತಿನ್ನುತ್ತ ಎಲ್ಲ ಹೇಳಿದ. ಹಡಗಿನ ಕಾವಲು ದೀಪಕ್ಕೆ ಸಿಗದ ಹಾಗೆ ಹಿಂದಿನಿಂದ ಬಂದರಂತೆ. ಅಷ್ಟು ವೇಗದ ದೋಣಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲವಂತೆ.

"ಹೊಸಾ ದೋಣಿ ಅಮ್ಮ. ನಮ್ಮನ್ನ ಒಳಗೆ ತಳ್ಳಿದಾಗ ಬಣ್ಣದ ವಾಸನೆಗೆ ತಲೆ ಸುತ್ತು ಬಂತು. ನೀಲಿ ಬಣ್ಣ."

ಮೇಸ್ತ್ರಿ ಕೈಯ ತುತ್ತನ್ನು ತಟ್ಟೆಗೆ ವಾಪಸು ಇಟ್ಟ. ಮಗಳು ಹುಟ್ಟಿ ಬೆಳೆದದ್ದೇ ಆ ಶೆಡ್ಡಿನ ಮರದ ಹೊಟ್ಟಿನಲ್ಲಿ. ಅವಳು ಮೆಲ್ಲಗೆ ಕೇಳಿದಳು, "ಅದರ ಮೂತಿ ಹೇಗಿತ್ತಣ್ಣ?"

ಅಡುಗೆಯವನು ಅಂಗೈಯನ್ನು ಮುಂದೆ ಚಾಚಿ ಬೆರಳ ತುದಿಗಳನ್ನು ಮೇಲಕ್ಕೆ ಬಾಗಿಸಿದ. "ಹೀಗೆ. ಬಾತುಕೋಳಿ ಕೊಕ್ಕಿನ ಥರ."

ಅವನು ಎದ್ದ ಮೇಲೆ ಮಗಳು ಅವನ ತಟ್ಟೆ ಎತ್ತಿಟ್ಟಳು. ಬಾಗಿಲವರೆಗೂ ಹೋಗಿ ಕಳಿಸಿ ಬಂದಳು. ಆಮೇಲೆ ಅಪ್ಪನ ಎದುರು ನಿಂತಳು.

"ಯಾವಾಗ ಕಟ್ಟಿದ್ದು?"

"ಅಕ್ಕಾ, ನಾನೇ ಒಪ್ಪಿಸಿದ್ದು," ಎಂದ ಮಗ ಬಾಗಿಲ ಹೊರಗಿನಿಂದ. "ಬರೀ ಎಣ್ಣೆಗೆ ಅಂದ್ಕೊಂಡಿದ್ದೆ. ಜನರನ್ನ ಮುಟ್ಟಲ್ಲ ಅಂದ್ಕೊಂಡಿದ್ದೆ."

"ನಿನ್ನನ್ನ ಕೇಳಲಿಲ್ಲ. ಅಮ್ಮಾ, ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಬಂದ ದಿನಾನೇ ಗೊತ್ತಾಯ್ತಾ?"

"ಹೂಂ. ಆವತ್ತೇ ಅನುಮಾನ ಬಂತು."

"ಗೊತ್ತಿದ್ದೂ ದಿನಾ ಕೂರಿಸಿ ಬಡಿಸ್ತಿದ್ಯಲ್ಲಮ್ಮಾ! ಅದೇ ದೋಣಿ ದುಡ್ಡಿನ ಅನ್ನ. ತಿನ್ನೇ ತಿನ್ನೇ ಅಂತ ಗಂಟಲಿಗೆ ತುರುಕ್ತಿದ್ಯಲ್ಲ!"

"ಬಡಿಸದೆ ಏನು ಮಾಡ್ಲಿ? ನಿನ್ನನ್ನ ಉಪವಾಸ ಕೆಡವಿದ್ರೆ ಅವನು ಬರ್ತಿದ್ನಾ?" ದೊಡ್ಡಮ್ಮನ ದನಿ ಏರಿತು. "ಡಬ್ಬದಲ್ಲಿ ಹಿಡಿ ಅಕ್ಕಿ ಇರಲಿಲ್ಲ. ಕಟ್ಟಿ ಅಂದಿದ್ದು ನಾನೇ. ಬೈ, ನನ್ನನ್ನೇ ಬೈ. ಅವರಿಬ್ಬರನ್ನ ಬಿಡು."

ಮಗಳು ಬೈಯಲಿಲ್ಲ. ತನ್ನ ತಟ್ಟೆಯ ಅನ್ನದ ಮೇಲೇ ಕೈ ತೊಳೆದಳು. ಮೂಲೆಯಲ್ಲಿ ಕೂತಿದ್ದ ಮೊಮ್ಮಗಳು ಇದ್ಯಾವುದೂ ತಿಳಿಯದೆ, "ಅಜ್ಜಿ, ಇನ್ನೊಂದು ತುಂಡು ಮೀನು" ಎಂದಳು. ದೊಡ್ಡಮ್ಮ ಮಗಳ ಮುಖ ನೋಡಿದಳು. ಮಗಳು ಆ ಕಡೆ ತಿರುಗಿದಳು. ಮೀನು ಮಗುವಿನ ತಟ್ಟೆಗೆ ಬಿತ್ತು.

ಬೆಳಿಗ್ಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. "ಠಾಣೆಗೆ ಹೋಗ್ತೀನಿ. ದೋಣಿ ಯಾರು ತಗೊಂಡ್ರು ಅಂತ ಹೇಳ್ತೀನಿ. ನನ್ನನ್ನ ಒಳಗೆ ಹಾಕಿದ್ರೂ ಹಾಕ್ಲಿ."

"ಅಪ್ಪಾ, ನಿನ್ನನ್ನಲ್ಲ, ನನ್ನನ್ನ ಹಾಕ್ತಾರೆ," ಎಂದ ಮಗ. ಆದರೂ ತಡೆಯಲಿಲ್ಲ. ದೊಡ್ಡಮ್ಮ ಗಂಡನ ಜೊತೆ ಹೊರಟಳು.

ಬಂದರು ಠಾಣೆಯ ಅಧಿಕಾರಿ ಚಿಕ್ಕ ವಯಸ್ಸಿನವನು. ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸಿದ. ಗೋಡೆಯ ತುಂಬ ಕಡಲಿನ ನಕ್ಷೆ, ಅದರ ಮೇಲೆ ಕೆಂಪು ಗುಂಡುಸೂಜಿಗಳು. ಮೇಸ್ತ್ರಿ ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದ. ಒಂದಕ್ಷರ ಬರೆದುಕೊಳ್ಳಲಿಲ್ಲ.

"ಬಂದು ಹೇಳಿದ್ದು ಒಳ್ಳೇದಾಯ್ತು. ಇನ್ನು ಬೇರೆ ಯಾರ ಹತ್ರಾನೂ ಬಾಯಿ ಬಿಡಬೇಡಿ," ಎಂದ.

ಹೊರಗೆ ಬಂದ ಮೇಲೆ ಮೇಸ್ತ್ರಿ, "ಒಳ್ಳೆ ಹುಡುಗನ ಥರ ಕಾಣ್ತಾನೆ" ಎಂದ. ದೊಡ್ಡಮ್ಮನಿಗೆ ಒಂದು ಕಾಗದವೂ ಇಲ್ಲದ ಅವನ ಮೇಜೇ ಕಣ್ಣಿಗೆ ಕಟ್ಟಿದಂತಿತ್ತು.

ಮಾರನೆಯ ದಿನ ಕನ್ನಡಕದವನು ಬಂದ. ಮೊಮ್ಮಗಳಿಗೆಂದು ಹಣ್ಣಿನ ಬುಟ್ಟಿ ತಂದಿದ್ದ. ನೀರು ಕೇಳಿ ಕುಡಿದ.

"ಮೇಸ್ತ್ರಿಗಳೇ, ಠಾಣೆಗೆ ಹೋಗಿದ್ರಂತೆ. ಈ ಬಿಸಿಲಲ್ಲಿ, ಈ ವಯಸ್ಸಲ್ಲಿ, ಅಷ್ಟು ದೂರ ಯಾಕೆ ನಡೀಬೇಕು? ಏನಿದ್ರೂ ನನಗೇ ಹೇಳಬಹುದಿತ್ತಲ್ಲ." ಮಗಳ ಕಡೆ ತಿರುಗಿ, "ತಂಗೀ, ನಿಮ್ಮ ಯಜಮಾನರು ಮೇಸ್ತ್ರಿಗಳ ಅಳಿಯ ಅಂತ ನಮಗೆ ಗೊತ್ತಿರಲಿಲ್ಲಮ್ಮ. ಗೊತ್ತಿದ್ರೆ ಹೀಗಾಗ್ತಿರಲಿಲ್ಲ. ಚೆನ್ನಾಗಿದಾರೆ. ಊಟ ತಿಂಡಿಗೆ ಏನೂ ಕಡಿಮೆ ಮಾಡಿಲ್ಲ," ಎಂದ.

"ಯಾವಾಗ ಬಿಡ್ತೀರಿ?" ಎಂದಳು ಮಗಳು.

"ನನ್ನ ಮೇಲಿನವರನ್ನ ಒಪ್ಪಿಸಬೇಕಲ್ಲ. ಅವರಿಗೆ ಇನ್ನೊಂದು ದೋಣಿ ಬೇಕಂತೆ. ಅದು ನೀರಿಗಿಳಿದ ಮೇಲೆ ನಿಮ್ಮ ಯಜಮಾನರು ಮನೆಗೆ ಬರ್ತಾರೆ. ನಾನು ಮಾತು ಕೊಟ್ರೆ ಕೊಟ್ಟ ಹಾಗೆ."

ಅವನು ಹೋದ ಮೇಲೆ ಮೇಸ್ತ್ರಿ ಹಣ್ಣಿನ ಬುಟ್ಟಿಯನ್ನು ಬೀದಿಗೆ ಎಸೆಯಲು ಎತ್ತಿದ. ಮಗಳೇ ಅದನ್ನು ಕಿತ್ತುಕೊಂಡು ಒಳಗಿಟ್ಟಳು.

"ಮರ ಯಾವಾಗ ಬರುತ್ತೆ?" ಎಂದು ತಮ್ಮನನ್ನು ಕೇಳಿದಳು. ಅಡುಗೆಯವನು ಬಂದ ಸಂಜೆಯಿಂದ ಅವಳು ಅವನೊಡನೆ ಮಾತಾಡಿರಲಿಲ್ಲ.

ಎರಡನೆಯ ದೋಣಿಗೆ ಮೇಸ್ತ್ರಿಗಿಂತ ಮಗಳೇ ಮೇಸ್ತ್ರಿಯಾದಳು. ಬೆಳಕು ಹರಿಯುವ ಮೊದಲೇ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದಳು. ಹಲಗೆ ಹಿಡಿಯುತ್ತಿದ್ದಳು, ಮೊಳೆ ಬಡಿಯುತ್ತಿದ್ದಳು, ಸಂದಿಗಳಿಗೆ ಹತ್ತಿಹುರಿ ತುರುಕಿ ರಾಳ ಬಳಿಯುತ್ತಿದ್ದಳು. ಅಂಗೈ ಗುಳ್ಳೆಯೆದ್ದು ಒಡೆದು ರಕ್ತ ಬಂದರೂ ಬಟ್ಟೆ ಸುತ್ತಿಕೊಂಡು ಮತ್ತೆ ಸುತ್ತಿಗೆ ಹಿಡಿಯುತ್ತಿದ್ದಳು.

"ಅಕ್ಕಾ, ಕೈ ನೋಡ್ಕೋ."

"ಉಳಿ ಕೊಡು."

"ಊಟ ಆದ್ರೂ ಮಾಡು."

"ದೊಡ್ಡ ಮೊಳೆ."

ಅಕ್ಕತಮ್ಮಂದಿರ ನಡುವೆ ಉಳಿದದ್ದು ಇಷ್ಟೇ ಮಾತು. ದೊಡ್ಡಮ್ಮ ಶೆಡ್ಡಿಗೇ ಅನ್ನ ತಂದು ಒಬ್ಬೊಬ್ಬರಿಗೂ ತಟ್ಟೆ ಕೊಡುತ್ತಿದ್ದಳು. ಈಗ ಮಗಳು ಎಷ್ಟು ಹಾಕಿದರೂ ಉಣ್ಣುತ್ತಿದ್ದಳು. ಕೆಲಸಕ್ಕೆ ಶಕ್ತಿ ಬೇಕಿತ್ತು.

ಒಂದು ದಿನ ಮಕ್ಕಳಿಬ್ಬರೂ ಬಣ್ಣ ತರಲು ಹೋಗಿದ್ದಾಗ ಮೇಸ್ತ್ರಿ ಹೆಂಡತಿಯನ್ನು ಹತ್ತಿರ ಕರೆದ. ದೋಣಿಯ ತಳದ ಒಂದು ಸಂದಿಯ ಮೇಲೆ ಕೈಯಾಡಿಸಿದ.

"ಇದೊಂದನ್ನ ಸರಿಯಾಗಿ ತುಂಬದೆ ಬರೀ ಬಣ್ಣ ಬಳಿದ್ರೆ ಯಾರಿಗೂ ಗೊತ್ತಾಗಲ್ಲ. ಭಾರ ಹಾಕಿ ಜೋರಾಗಿ ಓಡಿಸಿದ ದಿನ ನಡುನೀರಲ್ಲಿ ಬಾಯಿ ಬಿಡುತ್ತೆ. ಎಲ್ಲ ಹೋಗ್ತಾರೆ ತಳಕ್ಕೆ."

ದೊಡ್ಡಮ್ಮನ ಒಳಗೆ ಏನೋ ಹಿಗ್ಗಿತು. ಮರುಗಳಿಗೆಗೇ ಅದು ಬತ್ತಿತು.

"ಆವತ್ತು ಅದರೊಳಗೆ ಇನ್ಯಾರ ಮನೆ ಅಳಿಯನ್ನ ಹಾಕ್ಕೊಂಡಿರ್ತಾರೋ. ನಮ್ಮವನೇ ಇದ್ರೆ?"

ಮೇಸ್ತ್ರಿ ಆ ಸಂದಿಗೆ ಎರಡು ಪಟ್ಟು ಹುರಿ ತುಂಬಿದ.

ದೋಣಿ ತಯಾರಾದಾಗ ಅದನ್ನು ಓಡಿಸಿಕೊಂಡು ಬಂದು ಒಪ್ಪಿಸಲು ಮಗನೇ ಬರಬೇಕೆಂದು ಕನ್ನಡಕದವನ ಕಡೆಯವರು ಹೇಳಿಕಳಿಸಿದರು. ಅವನು ಹಳೆಯ ಅಂಗಿಯಲ್ಲೇ ಹೋದ. ಹೋಗುವಾಗ ತಾಯಿಗೆ, "ಸಂಜೆಗೆ ನಂಗೂ ಅನ್ನ ಇಡು" ಎಂದಿದ್ದ. ಆ ಸಂಜೆ ಬರಲಿಲ್ಲ. ಮಾರನೆಯ ಮಧ್ಯಾಹ್ನ ಅಳಿಯ ಬಂದ.

ಯಾರದೋ ದೊಗಳೆ ಅಂಗಿ ತೊಟ್ಟು, ಬರಿಗಾಲಿನಲ್ಲಿ ನಡೆದು ಬಂದಿದ್ದ. ಮೊಮ್ಮಗಳು ಹೆದರಿ ಅಜ್ಜಿಯ ಸೆರಗಿನ ಹಿಂದೆ ಅವಿತಳು. ಮಗಳು ಓಡಿ ಹೋಗಿ ಅವನ ಎರಡೂ ತೋಳು ಹಿಡಿದುಕೊಂಡಳು. ಅವನು ಅವಳ ತಲೆಯ ಮೇಲಿಂದ ಬಾಗಿಲನ್ನೇ ನೋಡುತ್ತಿದ್ದ.

"ಬನ್ನಿ, ಒಳಗೆ ಬನ್ನಿ, ಮೊದಲು ಊಟ ಮಾಡಿ," ಎಂದಳು ದೊಡ್ಡಮ್ಮ.

ಅವನು ಗೋಡೆಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಬಡಿಸಿದ್ದನ್ನು ಗಬಗಬನೆ ತಿಂದ. ತಿಂದು ಮುಗಿದ ಮೇಲೂ ತಟ್ಟೆಯನ್ನು ಕೈಯಿಂದ ಬಿಡಲಿಲ್ಲ. ಮಗಳು ಮೆಲ್ಲಗೆ ಬಿಡಿಸಿಕೊಂಡಳು.

ಮಗ ಹತ್ತು ಹನ್ನೆರಡು ದಿನ ಬಿಟ್ಟು ಬಂದ. ದೋಣಿಗೆ ಕೈ ಒಗ್ಗಿದವನು ಅವನೇ ಎಂದು ಓಡಿಸಲು ಅವನನ್ನೇ ಇಟ್ಟುಕೊಂಡಿದ್ದರು. ಬೇಡ ಎಂದರೆ ಕೇಳುವವರಿರಲಿಲ್ಲ. ಬಂದವನು ಭಾವನ ಮುಖ ನೋಡಲಾರದೆ, ಬಟ್ಟೆ ತೆಗೆದುಕೊಂಡು ಹಿತ್ತಲ ಬಾಗಿಲಿಂದ ಹೊರಟುಹೋದ.

ಅಳಿಯನ ಕಂಪನಿಯವರು ಅವನನ್ನು ವಿಚಾರಣೆಗೆ ಕರೆದರು. ಮಗಳೂ ಜೊತೆಗೆ ಹೋಗಿದ್ದಳು. ಬಂದು ತಾಯಿಗೆ ಎಲ್ಲ ಹೇಳಿದಳು. ಮೂರು ಜನರನ್ನು ಬಿಟ್ಟು ನಿಮ್ಮೊಬ್ಬರನ್ನೇ ಯಾಕೆ ಇಟ್ಟುಕೊಂಡರು ಎಂದು ಕೇಳಿದರಂತೆ. ಪಂಪು ಗೊತ್ತಿತ್ತು ಅದಕ್ಕೆ ಎಂದನಂತೆ. ಹಾಗಾದರೆ ಅವರ ಕೆಲಸ ಮಾಡಿಕೊಟ್ಟಿರಿ ಎಂದಾಯಿತು ಎಂದರಂತೆ. ನಾವು ಯಾರೂ ಒತ್ತೆಹಣ ಕೊಟ್ಟಿಲ್ಲ, ಮತ್ತೆ ನಿಮ್ಮನ್ನು ಸುಮ್ಮನೆ ಬಿಟ್ಟರಾ ಎಂದು ಕೇಳಿದ್ದಕ್ಕೆ ನನಗೂ ಗೊತ್ತಿಲ್ಲ ಎಂದನಂತೆ. ವಿಚಾರಣೆ ಮುಗಿಯುವವರೆಗೆ ಸಂಬಳವೂ ಇಲ್ಲ, ಬೇರೆ ಹಡಗಿಗೆ ಸೇರಲು ಕಾಗದಪತ್ರವೂ ಇಲ್ಲ.

ಊಟಕ್ಕೆ ಕೂತಾಗ ಅಳಿಯ ತಾನೇ ಕೇಳಿದ. "ನನ್ನನ್ನ ಯಾಕೆ ಬಿಟ್ರು ಅತ್ತೆ? ದುಡ್ಡು ಯಾರು ಕೊಟ್ರು?"

ಮಗಳು ಹೇಳಿದಳು, "ದುಡ್ಡಲ್ಲ. ದೋಣಿ ಕೊಟ್ವಿ."

"ಯಾವ ದೋಣಿ?"

"ಅಪ್ಪ ಕಟ್ಟಿದ್ದು. ನಾನೂ ಕಟ್ಟಿದ್ದು."

ಅವನು ಸ್ವಲ್ಪ ಹೊತ್ತು ಅನ್ನ ಕಲಸುತ್ತಲೇ ಇದ್ದ. "ನಮ್ಮ ಹಡಗಿಗೆ ಬಂತಲ್ಲ, ನೀಲಿದು?"

"ಅದೂ ನಮ್ಮದೇ," ಎಂದ ಮೇಸ್ತ್ರಿ.

ಅಳಿಯ ಎದ್ದು ಶೆಡ್ಡಿಗೆ ಹೋದ. ಅಲ್ಲಿ ಆಗ ಬರೀ ಮರದ ಹೊಟ್ಟು, ಖಾಲಿ ಬಣ್ಣದ ಡಬ್ಬ. ಎಂಜಲು ಕೈಯಲ್ಲೇ ಬಹಳ ಹೊತ್ತು ನಿಂತಿದ್ದ. ಮನೆಯವರೆಲ್ಲ ಅವನು ಬಂದು ಏನನ್ನುತ್ತಾನೋ ಎಂದು ಕಾಯುತ್ತ ಕೂತಿದ್ದರು. ಅವನು ಬಂದವನೇ ಕೈ ತೊಳೆಯಲು ನೀರು ಕೇಳಿದ. ಬೈದಿದ್ದರೆ, ತಟ್ಟೆ ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದುಕೊಂಡಳು ದೊಡ್ಡಮ್ಮ.

ಆಮೇಲೆ ಒಂದು ವಾರ ಕಡಲಿನಲ್ಲಿ ದೊಡ್ಡ ಗಸ್ತು ಹಡಗುಗಳು ಕಾಣಿಸಿಕೊಂಡವು. ಇನ್ನು ಕಳ್ಳರ ಕಥೆ ಮುಗಿಯಿತು ಎಂದು ಬೀದಿಯವರು ಹಿಗ್ಗಿದರು. ಗಸ್ತಿನವರು ದಡಕ್ಕೆ ಇಳಿದು, ಮೂತಿ ಮೇಲೆದ್ದ ದೋಣಿಗಳನ್ನೆಲ್ಲ ಒಂದು ಕಡೆ ಎಳೆದು ಹಾಕಿಸಿದರು. ಕಳ್ಳರ ದೋಣಿಗೆ ಇದೇ ಗುರುತಂತೆ. ಮೇಸ್ತ್ರಿ ಹರೆಯದಲ್ಲಿ ಕಟ್ಟಿದ್ದು, ಮೊನ್ನೆ ಮೊನ್ನೆ ಕಟ್ಟಿದ್ದು, ಮೀನುಗಾರರು ಸಾಲ ಮಾಡಿ ಕೊಂಡಿದ್ದು, ಎಲ್ಲಕ್ಕೂ ಎಣ್ಣೆ ಸುರಿದು ಬೆಂಕಿ ಇಟ್ಟರು. ಕಳ್ಳರ ದೋಣಿ ಅವುಗಳಲ್ಲಿ ಒಂದೂ ಇರಲಿಲ್ಲ. ಮೇಸ್ತ್ರಿ ಮನೆಯ ಬಾಗಿಲಲ್ಲಿ ನಿಂತು ಹೊಗೆ ನೋಡಿದ. ದೊಡ್ಡಮ್ಮ ಪಕ್ಕದ ಮನೆಗೆ ಸಾರು ಕೊಡಲು ಹೋದರೆ, ಆ ಮನೆಯಾಕೆ ಪಾತ್ರೆಯನ್ನು ಮುಟ್ಟದೆ ಬಾಗಿಲು ಹಾಕಿಕೊಂಡಳು. ಅವಳ ಗಂಡನ ದೋಣಿಯೂ ಸುಟ್ಟುಹೋಗಿತ್ತು.

ಅದೇ ವಾರ ಮಗ ದಕ್ಕೆಯ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುತ್ತಿದ್ದಾಗ ಪೊಲೀಸರು ಅವನನ್ನು ಹಿಡಿದರು. ಹಿಡಿದವನು ಚಹಾ ಕೊಟ್ಟಿದ್ದ ಅದೇ ಚಿಕ್ಕ ವಯಸ್ಸಿನ ಅಧಿಕಾರಿ. ಟಿ.ವಿ.ಯಲ್ಲಿ ಮಗನ ಮುಖ ತೋರಿಸಿ, ಕಡಲ್ಗಳ್ಳರ ನಾಯಕ ಸೆರೆ ಎಂದು ದಿನವಿಡೀ ಹೇಳಿದರು.

"ನಾಯಕನಂತೆ!" ಎಂದಳು ದೊಡ್ಡಮ್ಮ. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. "ಅಂಗಿ ಗುಂಡಿ ಕಿತ್ತುಹೋದ್ರೆ ಹೊಲ್ಕೊಳ್ಳೋಕೆ ಬರಲ್ಲ ಅವನಿಗೆ. ನೋಡಿ, ಇವತ್ತೂ ಹಾಗೇ ಹಾಕ್ಕೊಂಡಿದಾನೆ."

ಅವನನ್ನು ನೋಡಲು ಹೋದರೆ ಬಿಡಲಿಲ್ಲ. ತಂದ ಊಟದ ಡಬ್ಬಿಯನ್ನೂ ವಾಪಸು ಕೊಟ್ಟರು. ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ಯಾರೂ ಕರೆಯದೆ ವಕೀಲನೊಬ್ಬ ಮನೆಗೆ ಬಂದ. ಮಗನನ್ನು ನೋಡಿ ಬಂದೆ, ಹೊಡೆತ ನಿಲ್ಲಿಸಿದ್ದೇನೆ, ಇನ್ನು ಮುಂದೆ ಊಟ ಒಳಗೆ ಹೋಗುತ್ತದೆ ಎಂದ. ಫೀಸಿನ ಮಾತೆತ್ತಿದರೆ ಕೈಯಾಡಿಸಿಬಿಟ್ಟ. ಅವನ ಕಾರು ತಿರುಗಿ ಹೋಗುತ್ತಿದ್ದ ಹಾಗೇ ಲಾರಿಯೊಂದು ಶೆಡ್ಡಿನ ಮುಂದೆ ಬಂದು ನಿಂತಿತು. ತುಂಬ ಮರ. ಜೊತೆಗೆ ಕನ್ನಡಕದವನ ಒಂದು ಮಾತು: ಈ ದೋಣಿಗೆ ಮೂಗು ಬೇಡ, ನೇರ ಇರಲಿ.

ಅಳಿಯ ಅಂಗಿ ಬಿಚ್ಚಿಟ್ಟು ಮರ ಇಳಿಸಲು ಹೋದ.

ಬೇರೆ ಕೆಲಸಕ್ಕೆ ಅವನು ಅಲೆಯದ ಜಾಗವಿರಲಿಲ್ಲ. ಗ್ಯಾರೇಜು, ಐಸ್ ಕಾರ್ಖಾನೆ, ನೀರಿನ ಟ್ಯಾಂಕರು, ಎಲ್ಲೂ ಅವನ ಹೆಸರು ಹೇಳಿದೊಡನೆ ಮಾತು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಕನ್ನಡಕದವನು ಅವನನ್ನು ಹೊರಗೆ ಕರೆದು ಮಾತಾಡಿ ಹೋದ. ಒಳಗೆ ಬಂದ ಗಂಡನನ್ನು ಮಗಳು ಕೇಳಿದಳು.

"ಏನಂತೆ?"

"ಪಂಪಿಗೆ ಜನ ಬೇಕಂತೆ."

"ಏನಂದ್ರಿ?"

"ಏನನ್ನಬೇಕಿತ್ತು? ಇಲ್ಲ ಅಂದ್ರೆ ನಾಳೆ ವಕೀಲರು ಬರಲ್ಲ."

ಮಗಳು ಮಗುವಿನ ಜಡೆ ಹೆಣೆಯುತ್ತಿದ್ದಳು. ಅರ್ಧ ಹೆಣೆದದ್ದನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು. "ಕಾಲಿಗೆ ಚಪ್ಪಲಿ ತಗೊಳ್ಳಿ ಮೊದಲು," ಎಂದಳು ಕೊನೆಗೆ. ಅಷ್ಟೇ.

ದೊಡ್ಡಮ್ಮ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಒಬ್ಬ ಜೈಲಿನಲ್ಲಿ, ಇನ್ನೊಬ್ಬ ಅದೇ ದಾರಿಗೆ ಹೊರಟವನು. ಬೇಡ ಅನ್ನಲು ಬಾಯಿ ತೆರೆದರೆ ಮಗನ ಊಟದ ಡಬ್ಬಿ ಕಣ್ಣ ಮುಂದೆ ಬರುತ್ತಿತ್ತು. ಚಹಾ ಕಾಯಿಸಿ ಎರಡು ಲೋಟಕ್ಕೆ ಬಗ್ಗಿಸಿಕೊಂಡು ಶೆಡ್ಡಿಗೆ ಹೋದಳು.

ಹೊಸ ದೋಣಿಯ ಬೆನ್ನುಮರ, ಅದರ ಮೇಲೆ ಪಕ್ಕೆಲುಬಿನಂಥ ಅಡ್ಡಪಟ್ಟಿಗಳು ನಿಂತು, ಹೊರಗಿನ ಹಲಗೆಗಳು ಅರ್ಧ ಏರಿದ್ದವು. ಮೇಸ್ತ್ರಿ ಒಳಗೆ ನಿಂತು ಕೀಸುತ್ತಿದ್ದ. ಅಳಿಯ ಅಂಚಿಗೆ ಕೈಯೂರಿ ನೋಡುತ್ತಿದ್ದ.

"ಮಾವ, ಈ ಸಲ ತಳಕ್ಕೆ ಮೇಲೊಂದು ಹಲಗೆ ಹಾಸಿಬಿಡಿ. ಸಪಾಟಾಗಿ."

"ಯಾಕೆ? ಸುಮ್ಮನೆ ಭಾರ ಅಷ್ಟೇ."

"ಆಗ್ಲಿ. ಕೈ ಹಿಂದೆ ಕಟ್ಟಿ ಬೋರಲು ಮಲಗಿಸ್ತಾರೆ. ಅಲೆ ಬಡಿದಾಗೆಲ್ಲ ಈ ಅಡ್ಡಪಟ್ಟಿ ಎದೆಗೆ ಒತ್ತುತ್ತೆ. ಉಸಿರು ತಗೊಳ್ಳೋಕಾಗಲ್ಲ."

ಬಂದ ದಿನದಿಂದ ಅವನು ಆ ವಿಷಯ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಮೇಸ್ತ್ರಿ ಕೀಸುವುದನ್ನು ನಿಲ್ಲಿಸಿದ. ದೊಡ್ಡಮ್ಮ ಲೋಟಗಳನ್ನು ಹಲಗೆಯೊಂದರ ಮೇಲೆ ಇಟ್ಟಳು.

"ಎಲ್ಲಿಂದ ಎಲ್ಲಿವರೆಗೆ ಹಾಸ್ಲಿ?" ಎಂದ ಮೇಸ್ತ್ರಿ.

ಅಳಿಯ ದೋಣಿಯೊಳಗೆ ಇಳಿದ. ಅಡ್ಡಪಟ್ಟಿಗಳ ಮೇಲೆ ಬೋರಲು ಮಲಗಿ, ಎರಡೂ ಕೈಗಳನ್ನು ಬೆನ್ನ ಮೇಲೆ ಸೇರಿಸಿಕೊಂಡ. ಮೇಸ್ತ್ರಿ ಟೇಪು ತೆಗೆದು ಅವನ ನೆತ್ತಿಯಿಂದ ಪಾದದವರೆಗೆ ಹಿಡಿದು, ಮರದ ಮೇಲೆ ಪೆನ್ಸಿಲಿನಿಂದ ಗೀಟು ಎಳೆದ.

"ಸ್ವಲ್ಪ ಜಾಸ್ತಿ ಬಿಡಿ ಮಾವ," ಎಂದ ಅಳಿಯ ಮುಖ ಎತ್ತದೆ. "ನನಗಿಂತ ಉದ್ದ ಇರೋರೂ ಬರ್ತಾರೆ."

ಮೇಸ್ತ್ರಿ ಟೇಪನ್ನು ಇನ್ನೂ ಒಂದು ಗೇಣು ಮುಂದಕ್ಕೆ ಎಳೆದ.